ಸ್ಕ್ಯಾನ್ ವರದಿಯಲ್ಲಿ ‘ಮೆದುಳು ಕುಗ್ಗಿದೆ’ ಎಂದಿದೆ: ಇದು ವಯಸ್ಸೋ, ಕಾಯಿಲೆಯೋ?

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಒಂದು ವರ್ಷದಿಂದ ಪರಿಚಿತರ ಹೆಸರುಗಳು ಅವರಿಗೆ ತಟ್ಟನೆ ನೆನಪಾಗುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವೇ ಹೇಳುತ್ತಾರೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುತ್ತಾರೆ. ಮನೆಯ ಲೆಕ್ಕಪತ್ರ, ಬ್ಯಾಂಕಿನ ಕೆಲಸ ಈಗಲೂ ಅವರದೇ. ನನ್ನ ಒತ್ತಾಯಕ್ಕೆ ಮೆದುಳಿನ ಎಂಆರ್‌ಐ ಮಾಡಿಸಿದೆವು. ‘ವಯಸ್ಸಿಗೆ ಸಂಬಂಧಿಸಿದ ಮೆದುಳಿನ ಕುಗ್ಗುವಿಕೆ’ ಎಂದು ಒಂದು ಸಾಲು, ‘ಸಣ್ಣ ರಕ್ತನಾಳಗಳಿಗೆ ಸಂಬಂಧಿಸಿದ ಬದಲಾವಣೆ, ಫಜೇಕಾಸ್ ಗ್ರೇಡ್ 1’ ಎಂದು ಇನ್ನೊಂದು ಸಾಲು ವರದಿಯಲ್ಲಿದೆ. ವೈದ್ಯರು ‘ಇದೆಲ್ಲ ಸಹಜ’ ಎಂದು ಎರಡು ನಿಮಿಷದಲ್ಲಿ ಕಳುಹಿಸಿಬಿಟ್ಟರು. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಮೆದುಳು ಕುಗ್ಗುವುದು ಸಹಜ ಹೇಗಾಗುತ್ತದೆ? ಇದು ಅಲ್ಜೈಮರ್ ಕಾಯಿಲೆಯ ಆರಂಭವೇ? ನನಗೆ ಈಗ 42. ನಾನೂ ಒಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಕಣ್ಣು ನಿಂತದ್ದು ‘ಲೆಕ್ಕಪತ್ರ, ಬ್ಯಾಂಕಿನ ಕೆಲಸ ಈಗಲೂ ಅವರದೇ’ ಎಂಬ ಮಾತಿನ ಮೇಲೆ. ಯಾಕೆಂದು ಮುಂದೆ ಹೇಳುತ್ತೇನೆ. ನೀವು ಇಂದು ರಾತ್ರಿಯಾದರೂ ನಿದ್ದೆ ಮಾಡಬೇಕು, ಅದಕ್ಕಾಗಿ ಮೊದಲು ಇಷ್ಟು: ನೀವು ತಿಳಿಸಿರುವ ವರದಿಯಲ್ಲಿ ಅಲ್ಜೈಮರ್ ಎಂದು ಬೊಟ್ಟು ಮಾಡಿ ತೋರಿಸುವಂಥದ್ದು ಏನೂ ಇಲ್ಲ. ಆದರೆ ಎರಡು ಸಾಲುಗಳನ್ನೂ ‘ಸಹಜ’ ಎಂಬ ಒಂದೇ ಪದದಲ್ಲಿ ಕಟ್ಟಿ ಕಳುಹಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಮೊದಲ ಸಾಲನ್ನು ನೀವು ಸದ್ಯಕ್ಕೆ ಪಕ್ಕಕ್ಕಿಡಬಹುದು. ಎರಡನೆಯದರಲ್ಲಿ ನಿಮಗೆ ಮಾಡಲು ಕೆಲಸವಿದೆ.

ಕುಗ್ಗುವಿಕೆ ಸಹಜ ಹೇಗೆ ಎಂದು ಕೇಳಿದ್ದೀರಿ. ದೇಹದ ಬೇರೆ ಅಂಗಗಳಂತೆ ಮೆದುಳಿಗೂ ಏರು ಇಳಿವುಗಳಿವೆ, ಇಳಿವು ನಾವು ಅಂದುಕೊಂಡದ್ದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. 2022ರಲ್ಲಿ ವಿಜ್ಞಾನಿಗಳ ಒಂದು ದೊಡ್ಡ ಗುಂಪು ಒಂದು ಲಕ್ಷಕ್ಕೂ ಹೆಚ್ಚು ಜನರ 1,23,984 ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ, ಗರ್ಭದಲ್ಲಿರುವ ಶಿಶುವಿನಿಂದ ನೂರು ವರ್ಷದವರವರೆಗೆ ಮೆದುಳಿನ ಬೆಳವಣಿಗೆಯ ನಕ್ಷೆ ತಯಾರಿಸಿತು. ಮಕ್ಕಳ ಎತ್ತರ, ತೂಕ ಅಳೆಯುವ ಚಾರ್ಟ್ ಇರುತ್ತದಲ್ಲ, ಅಂಥದ್ದೇ. ನರಕೋಶಗಳ ಒಡಲು ತುಂಬಿರುವ ಬೂದು ದ್ರವ್ಯ ಸುಮಾರು ಆರನೆಯ ವಯಸ್ಸಿಗೇ ತನ್ನ ಗರಿಷ್ಠ ಗಾತ್ರ ಮುಟ್ಟುತ್ತದೆ. ಆ ಕೋಶಗಳನ್ನು ಒಂದಕ್ಕೊಂದು ಜೋಡಿಸುವ ತಂತುಗಳ ಬಿಳಿ ದ್ರವ್ಯ ಇಪ್ಪತ್ತೊಂಬತ್ತರ ಆಸುಪಾಸಿನವರೆಗೆ ಬೆಳೆಯುತ್ತದೆ. ಅಂದರೆ 42ರ ನಿಮ್ಮ ಮೆದುಳೂ ಇಳಿಜಾರಿನಲ್ಲಿಯೇ ಇದೆ. ಈ ಪತ್ರವನ್ನು ಇಷ್ಟು ಚೆನ್ನಾಗಿ ಬರೆದದ್ದೂ ಅದೇ ಮೆದುಳು.

‘ಕುಗ್ಗುವುದು’ ಎಂದಾಗ ಜನರ ಮನಸ್ಸಿಗೆ ಬರುವುದು ಕೋಶಗಳು ರಾಶಿರಾಶಿಯಾಗಿ ಸಾಯುತ್ತಿರುವ ಚಿತ್ರ. ಅದು ಸರಿಯಲ್ಲ. ಡೆನ್ಮಾರ್ಕಿನ ಸಂಶೋಧಕರು ಮರಣಾನಂತರ ಮೆದುಳುಗಳ ಹೊರಪದರದಲ್ಲಿನ ನರಕೋಶಗಳನ್ನು ಲೆಕ್ಕಹಾಕಿ 1997ರಲ್ಲಿ ಪ್ರಕಟಿಸಿದರು: 20ರಿಂದ 90 ವರ್ಷದ ನಡುವೆ ಕಡಿಮೆಯಾಗುವುದು ಸುಮಾರು ಶೇ 10ರಷ್ಟು ಮಾತ್ರ. ಉಳಿದ ಕುಗ್ಗುವಿಕೆ ಬರುವುದು ಕೋಶಗಳು ತಾವೇ ಚಿಕ್ಕದಾಗುವುದರಿಂದ, ಅವುಗಳ ಕೊಂಬೆಗಳು ವಿರಳವಾಗುವುದರಿಂದ, ತಂತುಗಳ ಸುತ್ತಲಿನ ಕೊಬ್ಬಿನ ಹೊದಿಕೆ ತೆಳ್ಳಗಾಗುವುದರಿಂದ. ಹೆಸರು ನಾಲಿಗೆಯ ತುದಿಯಲ್ಲಿ ನಿಂತು, ಹತ್ತು ನಿಮಿಷ ಬಿಟ್ಟು ಹೊರಬರುವುದು ಈ ಬಗೆಯ ನಿಧಾನಗತಿಗೆ ಹೊಂದುತ್ತದೆ. ವಿಷಯ ಒಳಗೇ ಇದೆ, ಕೈಗೆ ಸಿಗುವುದು ತಡವಾಗುತ್ತದೆ.

ಎಂಆರ್‌ಐ ಏನನ್ನು ನೋಡುತ್ತದೆ ಎಂಬುದನ್ನೂ ತಿಳಿದಿರಬೇಕು. ಅದು ನೋಡುವುದು ಮುಖ್ಯವಾಗಿ ನೀರನ್ನು. ಬಲವಾದ ಕಾಂತಕ್ಷೇತ್ರದಲ್ಲಿ ನೀರಿನ ಹೈಡ್ರೋಜನ್ ಕಣಗಳನ್ನು ರೇಡಿಯೊ ಅಲೆಗಳಿಂದ ತಟ್ಟಿ, ಅವು ಮತ್ತೆ ಮೊದಲಿನ ಸ್ಥಿತಿಗೆ ಮರಳುವಾಗ ಹೊಮ್ಮಿಸುವ ಸಂಕೇತದಿಂದ ಚಿತ್ರ ಕಟ್ಟುತ್ತದೆ. ಚಿತ್ರದ ಒಂದು ಚುಕ್ಕಿ ಸಾಮಾನ್ಯವಾಗಿ ಒಂದು ಘನ ಮಿಲಿಮೀಟರಿನಷ್ಟು. ಅಷ್ಟರಲ್ಲೇ ಹತ್ತಾರು ಸಾವಿರ ನರಕೋಶಗಳು ಸೇರಿಹೋಗಿರುತ್ತವೆ. ನೆನಪು ಆ ಚಿತ್ರದಲ್ಲಿ ಕಾಣುವುದಿಲ್ಲ. ಕಾಣುವುದು ಗಾತ್ರ, ಆಕಾರ, ನೀರಿನ ಹಂಚಿಕೆ. ಬಹಳ ಕುಗ್ಗಿದ ಮೆದುಳಿನ ಚಿತ್ರವನ್ನು ಕೈಯಲ್ಲಿ ಹಿಡಿದು, ಎದುರಿಗೆ ಕುಳಿತ ಹಿರಿಯರು ತಮ್ಮ ಐದು ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಎಲ್ಲವನ್ನೂ ಒಂದೂ ತಪ್ಪದೆ ಹೇಳುವುದನ್ನು ನಾನು ಕೇಳಿದ್ದೇನೆ. ಹೆಚ್ಚುಕಡಿಮೆ ಸರಿಯಾಗಿಯೇ ಕಾಣುವ ಸ್ಕ್ಯಾನ್ ತಂದ ಮಧ್ಯವಯಸ್ಕರೊಬ್ಬರು ಅದೇ ಪ್ರಶ್ನೆಯನ್ನು ನಾಲ್ಕನೆಯ ಸಲ ಕೇಳುವುದನ್ನೂ ಕೇಳಿದ್ದೇನೆ. ಅದಕ್ಕೇ ಚಿತ್ರವನ್ನು ಮಾತ್ರ ನೋಡಿ ಮನುಷ್ಯನ ಬಗ್ಗೆ ತೀರ್ಪು ಕೊಡಲು ನನಗೆ ಧೈರ್ಯ ಬರುವುದಿಲ್ಲ.

ಇನ್ನು ವರದಿಯ ‘ವಯಸ್ಸಿಗೆ ಸಂಬಂಧಿಸಿದ’, ಅಂದರೆ ವಯಸ್ಸಿಗೆ ತಕ್ಕಂತೆ, ಎಂಬ ಮಾತು. ತಕ್ಕಂತೆ ಎಂದು ಹೇಳಲು ಒಂದು ಅಳತೆಗೋಲು ಬೇಕು, ಆ ಅಳತೆಗೋಲು ತೀರಾ ಇತ್ತೀಚಿನದು. 1919ರಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಅಮೆರಿಕದ ಶಸ್ತ್ರವೈದ್ಯರು ಬೆನ್ನುಹುರಿಯ ಸುತ್ತಲಿನ ದ್ರವದ ಜಾಗದ ಮೂಲಕ ತಲೆಗೆ ಗಾಳಿ ತುಂಬಿ ಎಕ್ಸ್‌–ರೇ ತೆಗೆಯುವ ವಿಧಾನ ರೂಪಿಸಿದರು. ಅದರಿಂದ ಮೆದುಳಿನೊಳಗಿನ ಕುಹರಗಳ ನೆರಳು ಕಾಣುತ್ತಿತ್ತು. ರೋಗಿಗೆ ಮಾತ್ರ ದಿನಗಟ್ಟಲೆ ತಡೆಯಲಾರದ ತಲೆನೋವು, ವಾಂತಿ. ಜೀವಂತ ಮೆದುಳಿನ ಆಕಾರ ನೋಡಲು ದಶಕಗಳ ಕಾಲ ಇದ್ದ ಮುಖ್ಯ ದಾರಿ ಅದು. ಆರೋಗ್ಯವಾಗಿರುವ 70 ವರ್ಷದ ವ್ಯಕ್ತಿಯ ಮೇಲೆ, ಕೇವಲ ತಿಳಿದುಕೊಳ್ಳುವುದಕ್ಕಾಗಿ, ಯಾರು ತಾನೇ ಅಂಥದ್ದನ್ನು ಮಾಡುತ್ತಾರೆ? ಹಾಗಾಗಿ ವೈದ್ಯರಿಗೆ ಕಾಯಿಲೆಯವರ ಮೆದುಳು ಗೊತ್ತಿತ್ತು, ಸತ್ತವರ ಮೆದುಳು ಗೊತ್ತಿತ್ತು. ಸುಖವಾಗಿ ಮುಪ್ಪಾಗುತ್ತಿರುವವರ ಮೆದುಳು ಹೇಗಿರುತ್ತದೆ ಎಂಬುದು ಬಹುಪಾಲು ಕತ್ತಲೆಯಲ್ಲೇ ಇತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ಮೆದುಳನ್ನು ನೋವಿಲ್ಲದೆ ತೋರಿಸಿದ ಮೇಲೆ, ಅನಂತರ ವಿಕಿರಣವೂ ಇಲ್ಲದ ಎಂಆರ್‌ಐ ಬಂದ ಮೇಲೆ ಈ ಕತ್ತಲೆ ಸರಿಯಿತು. ನಿಮ್ಮ ತಂದೆಯವರ ವರದಿಯ ಆ ಒಂದು ಪದದ ಹಿಂದೆ, ತಮಗೆ ಯಾವ ಲಾಭವೂ ಇಲ್ಲದಿದ್ದರೂ ಯಂತ್ರದೊಳಗೆ ಅಲುಗಾಡದೆ ಮಲಗಿ ಎದ್ದುಹೋದ ಸಾವಿರಾರು ಆರೋಗ್ಯವಂತ ಹಿರಿಯರಿದ್ದಾರೆ. ಅವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಆದರೂ ಆ ಅಳತೆಗೋಲಿನಲ್ಲಿ ಸೊಟ್ಟಗಳಿವೆ. ಇಂದು 30 ವರ್ಷದವರನ್ನೂ 80 ವರ್ಷದವರನ್ನೂ ಸ್ಕ್ಯಾನ್ ಮಾಡಿ ಹೋಲಿಸಿದರೆ ಸಿಗುವ ವ್ಯತ್ಯಾಸವೆಲ್ಲ ಮುಪ್ಪಿನದಲ್ಲ. ಆ 80ರವರು ಬಾಲ್ಯದಲ್ಲಿ ಉಂಡ ಊಟ ಬೇರೆ, ಕಲಿತ ಶಾಲೆ ಬೇರೆ, ಬಂದ ಜ್ವರಗಳು ಬೇರೆ. ಎಷ್ಟೋ ಮಂದಿಯ ತಲೆಬುರುಡೆಯೇ ಇಂದಿನ ಯುವಕರದ್ದಕ್ಕಿಂತ ಚಿಕ್ಕದು. ಅದಕ್ಕಾಗಿ ಒಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುವ ಅಧ್ಯಯನಗಳು ಬಂದವು. 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಲ್ಜೈಮರ್ ನರಚಿತ್ರಣ ಯೋಜನೆ ಅಂಥದ್ದು. ಅಲ್ಲಿಯೂ ತೊಡಕುಗಳು ತಪ್ಪಲಿಲ್ಲ. ‘ಆರೋಗ್ಯವಂತರು’ ಎಂದು ಆರಿಸಿದವರಲ್ಲಿ ಕೆಲವರ ಮೆದುಳಿನಲ್ಲಿ ಕಾಯಿಲೆ ಆಗಲೇ ಸದ್ದಿಲ್ಲದೆ ಶುರುವಾಗಿರುತ್ತದೆ. ಅವರು ಸೇರಿಕೊಂಡರೆ ‘ಸಹಜ’ ಎಂಬ ಗೆರೆಯೇ ಕೆಳಗಿಳಿಯುತ್ತದೆ. ಇನ್ನೊಂದು ಕಡೆ, ಐದು ವರ್ಷದ ಮೇಲೂ ತಪ್ಪದೆ ಬರುವವರು ಗಟ್ಟಿಮುಟ್ಟಾಗಿರುವವರೇ. ಅವರನ್ನು ಮಾತ್ರ ನೋಡಿದರೆ ಗೆರೆ ಮೇಲೇರುತ್ತದೆ. ಸ್ಕ್ಯಾನ್ ಹೊತ್ತಿನಲ್ಲಿ ತಲೆ ಕೊಂಚ ಅಲುಗಿದರೂ ಕಂಪ್ಯೂಟರ್ ಬೂದು ದ್ರವ್ಯವನ್ನು ಇರುವುದಕ್ಕಿಂತ ಕಡಿಮೆ ಎಂದು ಲೆಕ್ಕ ಹಾಕುತ್ತದೆ, ವಯಸ್ಸಾದವರು ಹೆಚ್ಚು ಅಲುಗುತ್ತಾರೆ. ದಿನವಿಡೀ ನೀರು ಕುಡಿಯದೆ ಬಂದರೂ ಮೆದುಳಿನ ಗಾತ್ರದಲ್ಲಿ ಅಳೆಯಬಹುದಾದಷ್ಟು ಇಳಿಕೆ ಕಾಣುತ್ತದೆ.

ಇಷ್ಟೆಲ್ಲ ಸೋಸಿದ ಮೇಲೂ ಉಳಿಯುವ ಒಂದು ಗಟ್ಟಿ ಸಂಗತಿಯಿದೆ, ಅದು ವೇಗ. ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗ ಕಿವಿಯ ನೇರಕ್ಕೆ ಒಳಗಡೆ, ಎರಡೂ ಬದಿಗಳಲ್ಲಿ ಇದೆ. ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿದ 2009ರ ಒಂದು ವಿಶ್ಲೇಷಣೆಯ ಪ್ರಕಾರ ಆರೋಗ್ಯವಂತ ಹಿರಿಯರಲ್ಲಿ ಅದು ವರ್ಷಕ್ಕೆ ಸುಮಾರು ಶೇ 1.4ರಷ್ಟು ಕುಗ್ಗುತ್ತದೆ, ಅಲ್ಜೈಮರ್ ಇರುವವರಲ್ಲಿ ಸುಮಾರು ಶೇ 4.7ರಷ್ಟು. ವ್ಯತ್ಯಾಸ ಮೂರು ಪಟ್ಟಿಗೂ ಹೆಚ್ಚು. ಆದರೆ ವೇಗವನ್ನು ಅಳೆಯಲು ಎರಡು ಸ್ಕ್ಯಾನ್ ಬೇಕು, ನಡುವೆ ಕಾಲ ಸರಿದಿರಬೇಕು. ನಿಮ್ಮ ಕೈಯಲ್ಲಿರುವುದು ಒಂದು ಮಾತ್ರ.

ಒಂದೇ ಸ್ಕ್ಯಾನಿನಿಂದ ಏನೂ ತಿಳಿಯದು ಎಂದು ಇದರ ಅರ್ಥವಲ್ಲ. ಕುಗ್ಗುವಿಕೆ ಎಲ್ಲಿದೆ ಎಂಬುದು ಬಹಳ ಮಾತಾಡುತ್ತದೆ. ಮೆದುಳಿಡೀ ಸಮನಾಗಿ ಸ್ವಲ್ಪ ಕುಗ್ಗಿದ್ದರೆ ಅದು ವಯಸ್ಸಿನ ಕಡೆಗೆ ವಾಲುತ್ತದೆ. ಬೇರೆಲ್ಲ ಇದ್ದಂತಿದ್ದು ಹಿಪೊಕ್ಯಾಂಪಸ್ ಸುತ್ತ ಮಾತ್ರ ಟೊಳ್ಳಾಗಿದ್ದರೆ ಅಲ್ಜೈಮರ್‌ನ ಶಂಕೆ ಬರುತ್ತದೆ. ಹಣೆಯ ಹಿಂದಿನ ಭಾಗ ಒಂದೇ ಕರಗಿದ್ದರೆ, ನಡತೆಯನ್ನೇ ಬದಲಿಸುವ ಇನ್ನೊಂದು ಬಗೆಯ ಮರೆವಿನ ಕಾಯಿಲೆಯದ್ದು. ಹಿಪೊಕ್ಯಾಂಪಸ್‌ನ ಸ್ಥಿತಿಗೆ ವಿಕಿರಣತಜ್ಞರು 0ಯಿಂದ 4ರವರೆಗೆ ಅಂಕ ಕೊಡುವ ಪದ್ಧತಿಯಿದೆ. ನೆದರ್‌ಲೆಂಡ್ಸ್‌ನ ಫಿಲಿಪ್ ಶೆಲ್ಟೆನ್ಸ್ 1992ರಲ್ಲಿ ರೂಪಿಸಿದ್ದು, ಎಂಟಿಎ ಅಂಕ ಎನ್ನುತ್ತಾರೆ. 75 ವರ್ಷದೊಳಗಿನವರಲ್ಲಿ 2 ಅಥವಾ ಹೆಚ್ಚು ಬಂದರೆ ಗಮನಿಸಬೇಕು; 75 ದಾಟಿದವರಲ್ಲಿ 2ನ್ನು ವಯಸ್ಸಿಗೇ ಬಿಡುತ್ತಾರೆ. ನಿಮ್ಮ ವರದಿಯಲ್ಲಿ ಈ ಅಂಕವಿಲ್ಲ. ಸ್ಕ್ಯಾನ್ ಮಾಡಿಸಿದಲ್ಲಿಗೆ ಹೋಗಿ ‘ಎಂಟಿಎ ಅಂಕ ಎಷ್ಟು, ದಯವಿಟ್ಟು ಸೇರಿಸಿ ಕೊಡಿ’ ಎಂದು ಕೇಳಿ. ಇದಕ್ಕೆ ಹೊಸ ಸ್ಕ್ಯಾನ್ ಬೇಕಿಲ್ಲ, ಇರುವ ಚಿತ್ರಗಳನ್ನೇ ಇನ್ನೊಮ್ಮೆ ನೋಡಿದರೆ ಸಾಕು.

ಈಗ ಎರಡನೆಯ ಸಾಲಿಗೆ ಬರುತ್ತೇನೆ. ಫಜೇಕಾಸ್ ಎಂಬುದು ಬಿಳಿ ದ್ರವ್ಯದಲ್ಲಿ ಕಾಣುವ ಬೆಳ್ಳನೆಯ ಕಲೆಗಳನ್ನು 0ಯಿಂದ 3ರವರೆಗೆ ಅಳೆಯುವ ಮಾಪನ. ಆಸ್ಟ್ರಿಯಾದ ನರವೈದ್ಯ ಫ್ರಾಂಜ್ ಫಜೇಕಾಸ್ ಅವರ ಹೆಸರಿನದು, 1987ರಿಂದ ಬಳಕೆಯಲ್ಲಿದೆ. ಗ್ರೇಡ್ 1 ಎಂದರೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಗ್ರೇಡ್ 3 ಎಂದರೆ ಚುಕ್ಕೆಗಳು ಕೂಡಿಕೊಂಡು ದೊಡ್ಡ ಹಾಳೆಯಂತಾಗಿರುವುದು. ಇವು ಬಹುಮಟ್ಟಿಗೆ ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳ ಗೋಡೆ ದಪ್ಪಗಾಗಿ, ಸುತ್ತಲಿನ ತಂತುಗಳಿಗೆ ರಕ್ತ ಸಾಲದೆ ಆದ ಗಾಯದ ಗುರುತುಗಳು. ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮ್ ಅಧ್ಯಯನದಲ್ಲಿ 60ರಿಂದ 90 ವರ್ಷದ 1,077 ಮಂದಿಯನ್ನು ನೋಡಿದಾಗ ಇಂಥ ಒಂದು ಕಲೆಯೂ ಇಲ್ಲದವರು ಶೇ 5 ಮಾತ್ರ. ವೈದ್ಯರು ‘ಸಹಜ’ ಎಂದದ್ದು ಈ ಅರ್ಥದಲ್ಲಿ.

ನನ್ನ ತಕರಾರು ಇಲ್ಲಿಯೇ. ಎಲ್ಲರಲ್ಲೂ ಇರುವುದೆಲ್ಲ ನಿರಪಾಯವಲ್ಲ. ತಲೆಗೂದಲು ನೆರೆಯುವುದನ್ನು ಬಿಟ್ಟುಬಿಡುತ್ತೇವೆ. ಹಲ್ಲಿನ ಹುಳುಕು ಅಷ್ಟೇ ಸಾಮಾನ್ಯವಾದರೂ ಬಿಡುವುದಿಲ್ಲ. ಬಿಳಿ ಕಲೆಗಳು ಹುಳುಕಿನ ಜಾತಿಯವು. ಹೆಚ್ಚಿದಂತೆಲ್ಲ ನಡಿಗೆ ತಡವರಿಸುತ್ತದೆ, ಯೋಚನೆ ನಿಧಾನವಾಗುತ್ತದೆ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಇವನ್ನು ಬೆಳೆಸುವ ಮುಖ್ಯ ಕಾರಣ ಏರಿದ ರಕ್ತದೊತ್ತಡ. ಒಳ್ಳೆಯ ಸುದ್ದಿಯೆಂದರೆ ಇದನ್ನು ಹತೋಟಿಗೆ ತಂದರೆ ಕಲೆಗಳು ಬೆಳೆಯುವ ವೇಗ ತಗ್ಗುತ್ತದೆ ಎಂಬುದಕ್ಕೆ ಸ್ಕ್ಯಾನುಗಳೇ ಸಾಕ್ಷಿ ಕೊಟ್ಟಿವೆ. ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ 50 ದಾಟಿದ ಬಿ.ಪಿ. ರೋಗಿಗಳ ಒಂದು ಗುಂಪಿಗೆ ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗೆ, ಇನ್ನೊಂದು ಗುಂಪಿಗೆ 140ಕ್ಕಿಂತ ಕೆಳಗೆ ಇಡುವ ಗುರಿ ಕೊಟ್ಟರು. ಸುಮಾರು ನಾಲ್ಕು ವರ್ಷಗಳಲ್ಲಿ ಮೊದಲ ಗುಂಪಿನ ಕಲೆಗಳು ಸರಾಸರಿ 0.92 ಘನ ಸೆಂಟಿಮೀಟರಿನಷ್ಟು, ಎರಡನೆಯ ಗುಂಪಿನಲ್ಲಿ 1.45ರಷ್ಟು ಹೆಚ್ಚಿದ್ದವು. ಮರೆವಿನ ಕಾಯಿಲೆಯ ಮುಂಚಿನ ಹಂತ ಎನ್ನಬಹುದಾದ ಸೌಮ್ಯ ಅರಿವಿನ ಕೊರತೆಯೂ ಬಿಗಿ ಹತೋಟಿಯ ಗುಂಪಿನಲ್ಲಿ ಶೇ 19ರಷ್ಟು ಕಡಿಮೆಯಿತ್ತು. ಸಕ್ಕರೆ ಕಾಯಿಲೆ ಇದ್ದವರನ್ನೂ ಹಿಂದೆ ಪಾರ್ಶ್ವವಾಯು ಆದವರನ್ನೂ ಆ ಪ್ರಯೋಗಕ್ಕೆ ತೆಗೆದುಕೊಂಡಿರಲಿಲ್ಲ. ಹಾಗಾಗಿ ನಿಮ್ಮ ತಂದೆಯವರ ಗುರಿ ಎಷ್ಟಿರಬೇಕು ಎಂಬುದನ್ನು ಅವರ ವೈದ್ಯರೇ ನಿರ್ಧರಿಸಲಿ. ಎದ್ದು ನಿಂತಾಗ ಒತ್ತಡ ದಿಢೀರ್ ಕುಸಿದು ಬೀಳುವ ಹಿರಿಯರಿದ್ದಾರೆ, ಆದ್ದರಿಂದ ಕುಳಿತಾಗಲೂ ನಿಂತಾಗಲೂ ಅಳೆಯಬೇಕು. ನಿಮ್ಮ ಪತ್ರದಲ್ಲಿ ಅವರ ಬಿ.ಪಿ. ಎಷ್ಟು ಎಂಬ ಉಲ್ಲೇಖವೇ ಇಲ್ಲ. ನಿಮಗೆ ನಿದ್ದೆಗೆಡಿಸಿದ ಸ್ಕ್ಯಾನಿಗಿಂತ ಆ ಎರಡು ಅಂಕಿಗಳು ನನಗೆ ಹೆಚ್ಚು ಬೇಕಾಗಿದ್ದವು.

ಅಲ್ಜೈಮರ್ ಬಗ್ಗೆ. ಈ ಕಾಯಿಲೆಯಲ್ಲಿ ಮೆದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಜಿಡ್ಡನ್ನು ಮೊದಲೆಲ್ಲ ಮರಣಾನಂತರವೇ ನೋಡಬೇಕಿತ್ತು. 2002ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದ ವಿಕಿರಣಶೀಲ ರಾಸಾಯನಿಕವೊಂದನ್ನು ಕೊಟ್ಟು, ಅದು ಎಲ್ಲಿ ಸೇರಿತೆಂದು ತೋರಿಸುವ ಪೆಟ್ ಸ್ಕ್ಯಾನ್ ಮೂಲಕ ಈ ಜಿಡ್ಡನ್ನು ಮೊದಲ ಬಾರಿಗೆ ಜೀವಂತ ರೋಗಿಯಲ್ಲಿ ಕಂಡರು. ಅಂದಿನಿಂದ ತಿಳಿದ ಅತ್ಯಂತ ಮುಖ್ಯ ವಿಷಯ ಇದು: ರೋಗಲಕ್ಷಣ ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಜಿಡ್ಡು ಕೂಡಲಾರಂಭಿಸುತ್ತದೆ, ಮತ್ತು ಜಿಡ್ಡು ಇದ್ದವರೆಲ್ಲ ರೋಗಿಗಳಾಗುವುದಿಲ್ಲ. ನೆನಪು ಚೆನ್ನಾಗಿಯೇ ಇರುವವರಲ್ಲಿ 50ನೆಯ ವಯಸ್ಸಿಗೆ ಶೇ 10ರಷ್ಟು, 90ನೆಯ ವಯಸ್ಸಿಗೆ ಶೇ 44ರಷ್ಟು ಮಂದಿಯಲ್ಲಿ ಅಮಿಲಾಯ್ಡ್ ಇರುತ್ತದೆ ಎಂದು 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಕ್ರೋಡೀಕರಣ ಹೇಳುತ್ತದೆ. ಡೇವಿಡ್ ಸ್ನೋಡನ್ ಅವರು 678 ಕ್ರೈಸ್ತ ಸನ್ಯಾಸಿನಿಯರನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ 101ನೆಯ ವಯಸ್ಸಿನವರೆಗೂ ಬುದ್ಧಿ ಚುರುಕಾಗಿದ್ದ ಒಬ್ಬರಿದ್ದರು; ಅವರು ತೀರಿಕೊಂಡ ಮೇಲೆ ನೋಡಿದರೆ ಮೆದುಳಿನಲ್ಲಿ ಈ ಜಿಡ್ಡು ಹೇರಳವಾಗಿತ್ತು. ಕಾಯಿಲೆಯ ಗುರುತು ಬೇರೆ, ಕಾಯಿಲೆಯನ್ನು ಅನುಭವಿಸುವುದು ಬೇರೆ. ಟಾವ್ ಎಂಬ ಇನ್ನೊಂದು ಪ್ರೋಟೀನನ್ನು ತೋರಿಸುವ ಪೆಟ್ ಸ್ಕ್ಯಾನ್ ರೋಗಲಕ್ಷಣಗಳಿಗೆ ಇನ್ನಷ್ಟು ಹತ್ತಿರ ಹೊಂದುತ್ತದೆ.

ನಿಮ್ಮ ತಂದೆಯವರಿಗೆ ಇವುಗಳಲ್ಲಿ ಯಾವ ಪೆಟ್ ಸ್ಕ್ಯಾನನ್ನೂ ಈಗ ಮಾಡಿಸಬೇಡಿ. ಮರೆವು ನಿಜಕ್ಕೂ ಬೆಳೆದು, ಅಮಿಲಾಯ್ಡ್ ಜಿಡ್ಡನ್ನು ತೆಗೆಯುವ ಲೆಕಾನೆಮ್ಯಾಬ್, ಡೊನಾನೆಮ್ಯಾಬ್‌ನಂಥ ಹೊಸ ಔಷಧಗಳ ಮಾತು ಬಂದಾಗ ಅಮಿಲಾಯ್ಡ್ ಇದೆಯೆಂಬ ಪುರಾವೆ ಬೇಕಾಗುತ್ತದೆ. ಆ ಔಷಧಗಳು ಮೆದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಉಂಟುಮಾಡಬಲ್ಲವಾದ್ದರಿಂದ ಆಗ ಎಂಆರ್‌ಐಯನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಅದು ಬೇರೆಯೇ ಹಂತ.

ಹಾಗಾದರೆ ಮಾಡಿಸಿದ ಎಂಆರ್‌ಐ ದಂಡವೇ? ಖಂಡಿತ ಅಲ್ಲ. ಮರೆವು ಎಂದು ಬಂದವರಿಗೆ ಸ್ಕ್ಯಾನ್ ಮಾಡುವ ಮೊದಲ ಉದ್ದೇಶ ಗುಣವಾಗಬಲ್ಲ ಕಾರಣಗಳನ್ನು ಹುಡುಕುವುದು. ವಯಸ್ಸಾದ ಮೆದುಳು ಕುಗ್ಗಿದಾಗ ಅದಕ್ಕೂ ಬುರುಡೆಗೂ ನಡುವಿನ ರಕ್ತನಾಳಗಳು ಎಳೆತಕ್ಕೆ ಸಿಕ್ಕಿರುತ್ತವೆ. ಮರೆತೇಹೋದಷ್ಟು ಸಣ್ಣ ಪೆಟ್ಟಿಗೂ ಅವು ಒಸರಿ, ವಾರಗಳ ಕಾಲ ರಕ್ತ ಕೂಡಿಕೊಂಡು ಮೆದುಳನ್ನು ಒತ್ತಬಹುದು. ಕುಹರಗಳಲ್ಲಿ ದ್ರವ ತುಂಬಿ ನಡಿಗೆ, ಮೂತ್ರದ ಹಿಡಿತ, ನೆನಪು ಮೂರೂ ಕೆಡುವ ಸ್ಥಿತಿಯೂ ಇದೆ. ಎರಡಕ್ಕೂ ಶಸ್ತ್ರಚಿಕಿತ್ಸೆಯಿದೆ. ನಿಮ್ಮ ತಂದೆಯವರಲ್ಲಿ ಇವು ಇಲ್ಲ ಎಂದು ತಿಳಿದದ್ದು ಸಣ್ಣ ಲಾಭವಲ್ಲ. ಸ್ಕ್ಯಾನಿಗೆ ಕಾಣದ ಕಾರಣಗಳೂ ಇವೆ: ಬಿ–12 ಕೊರತೆ, ಥೈರಾಯ್ಡ್, ಖಿನ್ನತೆ, ಮಂದವಾದ ಕಿವಿ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಕೆಲವು ನಿದ್ರೆ ಮಾತ್ರೆಗಳು. ಇವನ್ನು ಕೇಳಿ, ಪರೀಕ್ಷಿಸಿಯೇ ತಿಳಿಯಬೇಕು.

ಈಗ ನಾನು ತಡೆದು ನಿಂತ ಆ ಮಾತಿಗೆ ಬರುತ್ತೇನೆ. ಡಿಮೆನ್ಷಿಯಾ ಎಂಬ ಪದವನ್ನು ವೈದ್ಯರು ಬಳಸುವುದು ಮರೆವು ದಿನನಿತ್ಯದ ಸ್ವತಂತ್ರ ಬದುಕಿಗೆ ಅಡ್ಡಬಂದಾಗ. ಹಣದ ಲೆಕ್ಕ ಎಡವುವುದು ಅದರ ಆರಂಭದ ಗುರುತುಗಳಲ್ಲೊಂದು. ಏಕೆಂದರೆ ಅದಕ್ಕೆ ನೆನಪು, ಗಮನ, ಯೋಜನೆ, ವಿವೇಚನೆ ಎಲ್ಲವೂ ಒಟ್ಟಿಗೆ ಬೇಕು. ನಿಮ್ಮ ತಂದೆಯವರು ಅದನ್ನು ನಡೆಸಿಕೊಂಡು ಹೋಗುತ್ತಿದ್ದಾರೆ. ಕನ್ನಡಕ ಹುಡುಕುವುದರಿಂದ ನಾನು ಗಾಬರಿಯಾಗುವುದಿಲ್ಲ. ಹೇಳಿದ್ದನ್ನೇ ಅರ್ಧ ಗಂಟೆಯಲ್ಲಿ ಮತ್ತೆ ಮತ್ತೆ ಕೇಳಿದರೆ, ಓಡಾಡಿದ ದಾರಿಯಲ್ಲೇ ಗೊಂದಲವಾದರೆ, ಒಂದೇ ಬಿಲ್ಲನ್ನು ಎರಡು ಸಲ ಕಟ್ಟಿದರೆ, ಮೊದಲು ಇಷ್ಟಪಡುತ್ತಿದ್ದ ಕೆಲಸಗಳಿಂದ ಹಿಂದೆ ಸರಿದರೆ ಆಗ ತಡಮಾಡಬೇಡಿ. ಸದ್ಯಕ್ಕೆ ನರವೈದ್ಯರ ಬಳಿ ಅರ್ಧ ಗಂಟೆಯ ನೆನಪಿನ ಪರೀಕ್ಷೆಯೊಂದನ್ನು ಮಾಡಿಸಿ ಅಂಕ ಬರೆದಿಟ್ಟುಕೊಳ್ಳಿ, ವರ್ಷದ ನಂತರ ಅದನ್ನೇ ಮತ್ತೊಮ್ಮೆ ಮಾಡಿಸಿ. ಪರೀಕ್ಷೆ ನಡೆಯುವಾಗ ಪಕ್ಕದಲ್ಲಿ ಕುಳಿತು ಉತ್ತರ ಹೇಳಿಕೊಡಬೇಡಿ. ಪ್ರೀತಿಯಿಂದಲೇ ಮಕ್ಕಳು ಹಾಗೆ ಮಾಡುತ್ತಾರೆ, ಅದರಿಂದ ನಮಗೆ ತಪ್ಪು ಚಿತ್ರ ಸಿಗುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಬೇಡ. ಯಾವ ತೊಂದರೆಯೂ ಇಲ್ಲದವರ ಮೆದುಳನ್ನು ಸುಮ್ಮನೆ ನೋಡಿದರೆ ಸುಮ್ಮನೆ ಏನಾದರೊಂದು ಸಿಗುತ್ತದೆ. ಅದೇ ರೋಟರ್‌ಡ್ಯಾಮ್‌ನಲ್ಲಿ 2,000 ಸಾಮಾನ್ಯ ಜನರನ್ನು ಸ್ಕ್ಯಾನ್ ಮಾಡಿದಾಗ ಶೇ 7.2 ಮಂದಿಯಲ್ಲಿ ಅವರಿಗೇ ಗೊತ್ತಾಗದ ಸಣ್ಣ ಪಾರ್ಶ್ವವಾಯುವಿನ ಗುರುತು, ಶೇ 1.8 ಮಂದಿಯಲ್ಲಿ ರಕ್ತನಾಳದ ಉಬ್ಬು, ಶೇ 1.6 ಮಂದಿಯಲ್ಲಿ ಅಪಾಯವಿಲ್ಲದ ಗೆಡ್ಡೆ ಕಂಡಿತು. ಇಂಥ ಉಬ್ಬುಗಳಲ್ಲಿ ಹೆಚ್ಚಿನವು ಜೀವಮಾನವಿಡೀ ಒಡೆಯುವುದಿಲ್ಲ. ಆದರೆ ತಲೆಯಲ್ಲೊಂದು ಉಬ್ಬಿದೆ ಎಂದು ತಿಳಿದವರ ಬದುಕು ಮೊದಲಿನಂತೆ ಇರುವುದೂ ಇಲ್ಲ. ಒಂದೇ ವರದಿಯ ಎರಡು ಸಾಲಿಗೆ ನಿದ್ದೆ ಕಳೆದುಕೊಂಡ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಸ್ಕ್ಯಾನ್ ನೋಡಿ ‘ಮೆದುಳಿನ ವಯಸ್ಸು’ ಹೇಳುವ ಕಂಪ್ಯೂಟರ್ ವಿಧಾನಗಳೂ ಬಂದಿವೆ. ಸಾವಿರಾರು ಜನರ ಸರಾಸರಿ ನೋಡಲು ಅವು ಉಪಯುಕ್ತ. ಒಬ್ಬ ವ್ಯಕ್ತಿಯ ವಿಷಯದಲ್ಲಿ ಅವು ಹಲವು ವರ್ಷಗಳಷ್ಟು ಆಚೀಚೆ ತಪ್ಪುತ್ತವೆ, ಆ ಅಂಕಿಯನ್ನು ಮನಸ್ಸಿಗೆ ಹಚ್ಚಿಕೊಳ್ಳುವುದು ಸಲ್ಲದು. ನಿಮ್ಮ ವಂಶದಲ್ಲಿ 60 ವರ್ಷಕ್ಕೆ ಮೊದಲೇ ಹಲವರಿಗೆ ಮರೆವಿನ ಕಾಯಿಲೆ ಬಂದಿದ್ದರೆ ಮಾತ್ರ ವಿಷಯ ಬೇರೆ, ಆಗ ಆನುವಂಶಿಕ ತಜ್ಞರನ್ನು ಕಾಣಿ. ಇಲ್ಲವಾದರೆ ತಂದೆಯವರ ಬಿ.ಪಿ. ಅಳೆಯುವ ದಿನ ನಿಮ್ಮದನ್ನೂ ಅಳೆಸಿಕೊಳ್ಳಿ. 42ನೆಯ ವಯಸ್ಸಿನ ರಕ್ತದೊತ್ತಡವೇ 70ರ ಮೆದುಳಿನಲ್ಲಿ ಬಿಳಿ ಕಲೆಯಾಗುವುದು.

ಒಂದು ಮಾತು ಉಳಿದಿದೆ. ತಂದೆಯವರ ಸ್ಕ್ಯಾನಿನ ಫಿಲ್ಮು, ಕಾಗದದ ವರದಿ ಮಾತ್ರವಲ್ಲ, ಅದರ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಸಿ.ಡಿ.ಯ ಇನ್ನೊಂದು ನಕಲನ್ನು ಬೇರೆಡೆ ಉಳಿಸಿ, ಮೇಲೆ ತಾರೀಖು ಬರೆದಿಡಿ. ಎಂದಾದರೂ ಮತ್ತೆ ಸ್ಕ್ಯಾನ್ ಬೇಕಾದರೆ, ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ ಮಾಡಿಸಿ, ಹಳೆಯ ಸಿ.ಡಿ.ಯನ್ನು ವಿಕಿರಣತಜ್ಞರ ಕೈಗೆ ಕೊಡಿ. ಲಕ್ಷ ಜನರ ಚಾರ್ಟಿಗಿಂತ ಅವರದೇ ಹಳೆಯ ಚಿತ್ರ ಆ ದಿನ ಹೆಚ್ಚು ಹೇಳುತ್ತದೆ.